ಚರ್ಚಿನ ತೊಟ್ಟಿಲಲ್ಲಿ ಗುಂಡುಕಲ್ಲು

ಕಿರಂಗೂರಿನ ಮೂಗಮ್ಮನ ವಿಷಯ ಹೇಳಲು ಕೂತರೆ ಇವತ್ತಿಗೂ ನನ್ನ ಎದೆ ಡವಡವ ಅನ್ನುತ್ತದೆ. ಹೋದ ಡಿಸೆಂಬರಿನಲ್ಲಿ ನಡೆದದ್ದು ಇದು. ಆಮೇಲೆ ಎಷ್ಟು ಜನರ ಮುಂದೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ರವಿಕೆ ಹೊಲಿಸಲು ಬಂದವರಿಗೆ ಅಳತೆ ತೆಗೆಯುವಾಗ ಶುರು ಮಾಡಿದರೆ, ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಹೋದರೂ ನನ್ನದು ಮುಗಿದಿರುವುದಿಲ್ಲ. ಬಾಗಿಲಲ್ಲೇ ನಿಲ್ಲಿಸಿಕೊಂಡು ಮುಗಿಸುತ್ತೇನೆ.

ನಾನು ಲೂರ್ದಮ್ಮ, ಶ್ರೀರಂಗಪಟ್ಟಣದಲ್ಲಿ ಟೈಲರು. ನಮ್ಮ ಸಣ್ಣ ಚರ್ಚಿನಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವ ಕೆಲಸ ನನ್ನದೇ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಹುಲ್ಲು, ಬಿದಿರು, ಬೊಂಬೆಗಳಿಂದ ಮಾಡಿಡುತ್ತೇವಲ್ಲ, ಅದೇ. ಆ ಜಾಗಕ್ಕೆ ಬೇರೆಯವರು ಕೈ ಹಾಕಿದರೆ ನನಗೆ ಸರಿಬರುವುದಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಊರೆಲ್ಲ ಬಲ್ಲದು.

ಮೂಗಮ್ಮ ನನಗೆ ಪರಿಚಯವಾದದ್ದೂ ಜಗಳದಿಂದಲೇ. ಒಂದು ರವಿಕೆಯ ತೋಳು ಬಿಗಿಯಾಯಿತು ಅಂತ ತಂದಳು, ಬಿಚ್ಚಿ ಹೊಲಿದುಕೊಟ್ಟೆ. ಸಡಿಲವಾಯಿತು ಅಂತ ಮತ್ತೆ ತಂದಳು. ಮತ್ತೆ ಹೊಲಿದೆ. ಮೂರನೆಯ ಸಲ ಬಂದಾಗ ರವಿಕೆ ಚೆನ್ನಾಗಿದೆ ಎಂದು ಹೇಳಲಿಕ್ಕೇ ಬಂದಿದ್ದಳು, ಅಷ್ಟರಲ್ಲಿ ನಾನು ಬೈದು ಮುಗಿಸಿದ್ದೆ. ಅವಳು ಕೂತು ಎಲೆ ಅಡಿಕೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡು, ಬೈಯುವಾಗ ನಿನ್ನ ಮುಖ ಕೆಂಪಗಾಗುತ್ತದೆ, ಒಂದು ಚೆಂಬು ಮಜ್ಜಿಗೆ ಕುಡಿ ಅಂದಳು. ಅವತ್ತಿನಿಂದ ಅವಳು ನನ್ನವಳಾದಳು.

ವಿಶ್ವಕರ್ಮರ ಮನೆ ಅವಳದು. ಗಂಡ ಮರಗೆಲಸದವನು, ಕೆ.ಆರ್. ಪೇಟೆ ಕಡೆಯ ಎಷ್ಟೋ ಹಳೆಯ ಮನೆಗಳಲ್ಲಿ ಅವನು ಕೆತ್ತಿದ ಬಾಗಿಲುಗಳಿವೆಯಂತೆ. ಅವನು ತೀರಿಕೊಂಡ ಮೇಲೆ ಮಗ ಮೌನೇಶ್ ಬಾಚಿ, ಉಳಿ ಹಿಡಿದ. ಮಗ ಕೆತ್ತಿದ್ದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ವಾರ್ನಿಷ್ ಬಳಿಯುವುದು ಮೂಗಮ್ಮನ ಕೆಲಸ. ಉಜ್ಜುವಾಗ ಮರದ ಜೊತೆ ಮಾತಾಡುತ್ತಾಳೆ, ಮರಕ್ಕೆ ಬೈಯುತ್ತಾಳೆ, ಗಂಟು ಸಿಕ್ಕಿದರೆ ಅದರ ಹೆತ್ತವರನ್ನೂ ಸೇರಿಸಿ ಬೈಯುತ್ತಾಳೆ. ಅಮಾವಾಸ್ಯೆಯ ದಿನ ಅವರಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ, ಹತಾರಗಳನ್ನು ತೊಳೆದು ಪೂಜೆ ಮಾಡಿ ಸುಮ್ಮನಿಡುತ್ತಾರೆ. ಆ ದಿನ ಮೂಗಮ್ಮನಿಗೆ ಕೈ ತುರಿಸುತ್ತದೆ. ಬಸ್ಸು ಹತ್ತಿ ಪಟ್ಟಣಕ್ಕೆ ಬಂದು ನನ್ನ ಅಂಗಡಿಯಲ್ಲಿ ಕೂತು, ಅದೂ ಇದೂ ಮಾತಾಡುತ್ತ ನನ್ನ ಬಟನ್ನುಗಳನ್ನೆಲ್ಲ ಬಣ್ಣ ನೋಡಿ ಬೇರೆ ಬೇರೆ ಮಾಡಿಟ್ಟು ಹೋಗುತ್ತಾಳೆ.

ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ತೊಟ್ಟಿಲು ಖಾಲಿಯಾಗಿ ಹೊಸಿಲು ದಾಟುವಂತಿಲ್ಲ. ಯಾರಾದರೂ ತೊಟ್ಟಿಲು ಮಾಡಿಸಿದರೆ, ಗಾಡಿಗೆ ಏರಿಸುವ ಮೊದಲು ಮೂಗಮ್ಮ ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟು, ಹೊಸ ಬಟ್ಟೆ ಸುತ್ತಿ ಅದರಲ್ಲಿ ಮಲಗಿಸಿ ತೂಗುತ್ತಾಳೆ. ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ. ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಅಂತ. ಆದರೆ ಮಾಡಿದವರ ಮನೆಯಲ್ಲೇ ಕಲ್ಲು ಮಲಗಿಸಿ ಕಳಿಸುವುದನ್ನು ನಾನು ನೋಡಿದ್ದು ಇಲ್ಲಿ ಮಾತ್ರ.

ಒಂದೇ ಒಂದು ಸಲ ಆ ಪದ್ಧತಿ ತಪ್ಪಿತ್ತು. ಸೊಸೆ ರಮ್ಯಶ್ರೀ ಮೊದಲ ಸಲ ಬಸುರಿಯಾದಾಗ ಮೌನೇಶ್ ಹಿಗ್ಗು ತಾಳಲಾರದೆ ಏಳನೇ ತಿಂಗಳಲ್ಲೇ ತೊಟ್ಟಿಲು ಮಾಡಿ ಪಡಸಾಲೆಯ ತೊಲೆಗೆ ಕಟ್ಟಿಬಿಟ್ಟ. ನಮ್ಮ ಮನೆಯದೇ ಅಲ್ಲವಾ, ಕಲ್ಲು ಆಮೇಲೆ ಇಟ್ಟರಾಯಿತು ಅಂದನಂತೆ. ಗಾಳಿಗೆ ಅದು ಬರಿದಾಗಿ ತೂಗಾಡಿತು. ಮಗು ಹೊಟ್ಟೆಯಲ್ಲೇ ಹೋಯಿತು. ಡಾಕ್ಟರು ಏನು ಕಾರಣ ಹೇಳಿದರೂ ಮೂಗಮ್ಮನ ತಲೆಗೆ ಇಳಿಯಲಿಲ್ಲ. ಆ ಖಾಲಿ ತೊಟ್ಟಿಲು ಅವಳ ಕಣ್ಣಲ್ಲಿ ಕೂತುಬಿಟ್ಟಿತು.

ಹೋದ ವರ್ಷ ರಮ್ಯಶ್ರೀ ಮತ್ತೆ ಬಸುರಿಯಾದಳು. ದೇವಲಾಪುರದ ಹುಡುಗಿ ಅವಳು, ತಾಯಿ ಇಲ್ಲ, ಹಾಗಾಗಿ ಬಾಣಂತನ ಕಿರಂಗೂರಿನಲ್ಲೇ ಎಂದಾಗಿತ್ತು. ಈ ಸಲ ಮನೆಯಲ್ಲಿ ತೊಟ್ಟಿಲಿನ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಮೂಗಮ್ಮ ನನ್ನ ಅಂಗಡಿಗೆ ಬಂದರೆ ಬಾಯಲ್ಲಿ ಎಲೆ ಅಡಿಕೆ ಇದ್ದರೂ ಜಗಿಯುವುದನ್ನು ಮರೆತು ಕೂರುತ್ತಿದ್ದಳು. ಈ ಕೂಸು ಉಳಿಯಬೇಕು, ಅವಳಿಗೆ ಬೇರೇನೂ ಬೇಕಿರಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಹೋಗಿ ಮೌನೇಶನಿಗೆ ಕೆಲಸ ಹೇಳಿದೆ. ನಮ್ಮ ಗೋದಲಿಯಲ್ಲಿ ಬಾಲಯೇಸುವಿನ ಮೂರ್ತಿ ಮಲಗಿಸುವ ಹಳೆಯ ಮರದ ಗೊಂತು ಗೆದ್ದಲು ಹಿಡಿದು ಪುಡಿಯಾಗಿತ್ತು. ದನಕ್ಕೆ ಮೇವು ಹಾಕುವ ಗೊಂತು ಚಿಕ್ಕದಾಗಿ ಒಂದು ಮಾಡಿಕೊಡಪ್ಪ, ದೇವರ ಮಗುವನ್ನು ಅದರಲ್ಲೇ ಮಲಗಿಸಿದ್ದು ಅಂತ ಬಿಡಿಸಿ ಹೇಳಿದ್ದೆ. ಅವನು ತಲೆಯಾಡಿಸಿದ. ಹೋಗಿ ನೋಡಿದರೆ ಕಾಲುಗಳಿರುವ ತೊಟ್ಟಿಲು ಮಾಡಿಟ್ಟಿದ್ದಾನೆ, ಎರಡೂ ತುದಿಗೆ ಗಿಣಿ ಕೆತ್ತಿದ್ದಾನೆ. ಎಲ್ಲ ಅರ್ಥವಾಗಿತ್ತಂತೆ ಅವನಿಗೆ, ಆದರೆ ಮಗುವನ್ನು ದನದ ಬಾಯಿಯ ಮುಂದೆ ಮಲಗಿಸಲು ಕೈ ಬರಲಿಲ್ಲವಂತೆ. ನಾನು ಕೂಗಾಡಿದೆ. ಫಾದರ್‌ಗೆ ಫೋನು ಮಾಡಿದರೆ ಅವರು ನಕ್ಕು, ಗಿಣಿ ಇದ್ದರೆ ಇರಲಿ ತನ್ನಿ ಅಂದರು.

ತೊಟ್ಟಿಲೊಳಗೆ ಎಂದಿನಂತೆ ಗುಂಡುಕಲ್ಲು ಮಲಗಿತ್ತು. ನಾನು ಅದನ್ನೆತ್ತಿ ಮೂಗಮ್ಮನ ಕೈಗೆ ಕೊಟ್ಟು, ನಮ್ಮಲ್ಲಿ ಹೀಗಿಲ್ಲ ಅಂದೆ. ಕ್ರಿಸ್ಮಸ್ಸಿನ ಹಿಂದಿನ ಸಂಜೆಯವರೆಗೆ ಆ ಜಾಗ ಖಾಲಿ ಇರಬೇಕು, ಡಿಸೆಂಬರ್ ಪೂರ್ತಿ ನಾವು ಬರುವ ಮಗುವಿಗಾಗಿ ಕಾಯುತ್ತೇವೆ, ಇದನ್ನು ಆಗಮನ ಕಾಲ ಅನ್ನುತ್ತೇವೆ ಅಂತ ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಏಳು ತಿಂಗಳ ಬಸುರಿ ರಮ್ಯಶ್ರೀ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನನ್ ಮಗ ಮಾಡಿದ್ ತೊಟ್ಲ ತಿಂಗ್ಳು ಪೂರಾ ಖಾಲಿ ಮಡಗ್ತೀರಾ?" ಅಂದಳು ಮೂಗಮ್ಮ.

ಹೌದು ಅಂದೆ. ಅವಳು ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ನಾನು ಗೆದ್ದೆ ಅಂದುಕೊಂಡು ತೊಟ್ಟಿಲು ಹೊರಿಸಿಕೊಂಡು ಬಂದೆ.

ಆಗಮನ ಕಾಲದ ಮೊದಲ ಭಾನುವಾರ ಫಾದರ್ ಪೂಜೆಯ ನಡುವಿನ ಪ್ರಸಂಗದಲ್ಲಿ ಒಂದು ಮಾತು ಹೇಳಿದರು. ದೇವರ ಕರುಣೆ ನಾವು ನೋಡುತ್ತಿರುವ ಬಾಗಿಲಿಂದ ಬರುವುದು ಕಡಿಮೆ, ಈ ತಿಂಗಳು ಬೇರೆ ಬಾಗಿಲುಗಳ ಮೇಲೂ ಕಣ್ಣಿಡಿ, ಅದು ಬರುವ ದಾರಿಯಲ್ಲಿರುವ ಕಲ್ಲು ಮುಳ್ಳು ತೆಗೆಯಿರಿ ಅಂದರು. ನಾನು ನಿಜಕ್ಕೂ ಕಣ್ಣಿಟ್ಟೆ. ಆ ವಾರ ನನ್ನ ಮಿಷನ್ನಿನ ಬೆಲ್ಟು ಹರಿಯಿತು. ಮದುವೆ ಹೆಣ್ಣಿನ ರವಿಕೆಗೆ ಇಸ್ತ್ರಿ ಕಲೆ ಬಿತ್ತು. ಎರಡನೇ ವಾರ ನೆಗಡಿ. ಪೂಜೆ ಮುಗಿದ ಮೇಲೆ ಫಾದರ್ ಎದುರಿಗೆ ಸಿಕ್ಕಾಗ, ನನ್ನ ಕಡೆಗೆ ಇನ್ನೂ ಏನೂ ಬಂದಿಲ್ಲ ಅಂತ ನೇರವಾಗಿಯೇ ಹೇಳಿದೆ. ಬರುತ್ತೆ ನೋಡ್ತಿರಿ ಲೂರ್ದಮ್ಮ, ಅಂದುಬಿಟ್ಟು ಹೋದರು.

ಮೂರನೇ ಭಾನುವಾರ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದೆವು. ನಮ್ಮಲ್ಲಿ ಅದನ್ನು ಸಂತೋಷದ ಭಾನುವಾರ ಅನ್ನುತ್ತೇವೆ. ಮಾರನೇ ದಿನ ಗೋದಲಿ ಗುಡಿಸಲೆಂದು ಹೋದೆ. ಹುಲ್ಲಿನ ಮೇಲೆ ಇರುವೆಗಳು ಸಾಲುಗಟ್ಟಿ ತೊಟ್ಟಿಲಿಗೆ ಹತ್ತುತ್ತಿದ್ದವು. ಬಗ್ಗಿ ನೋಡಿದರೆ ಹುಲ್ಲಿನ ಮಧ್ಯೆ ಹಸಿರು ಬಟ್ಟೆಯ ಪೊಟ್ಟಣ. ಬಿಚ್ಚಿದೆ. ಗುಂಡುಕಲ್ಲು! ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ತಲೆಗೊಂದು ಚೆಂಡು ಹೂವನ್ನೂ ಮುಡಿಸಿದ್ದರು.

ಯಾರದೆಂದು ಪತ್ತೆ ಮಾಡುವ ಕಷ್ಟವೇ ಇರಲಿಲ್ಲ. ಆ ಹಸಿರು ಬಟ್ಟೆ ನಾನೇ ಮೂಗಮ್ಮನಿಗೆ ಹೊಲಿದುಕೊಟ್ಟ ರವಿಕೆಯಲ್ಲಿ ಉಳಿದ ಚೂರು, ಮಾವಿನಕಾಯಿ ಅಂಚಿನದು. ನಾನು ಅಷ್ಟು ಬಿಡಿಸಿ ಹೇಳಿದ ಮೇಲೂ, ನನ್ನ ಗೋದಲಿಗೆ, ನನಗೇ ಗೊತ್ತಾಗದ ಹಾಗೆ ಬಂದು ಇಟ್ಟುಹೋಗಿದ್ದಾಳೆ. ರಕ್ತ ಕುದಿಯಿತು. ಕಲ್ಲನ್ನು ಬ್ಯಾಗಿಗೆ ತುರುಕಿದೆ. ನಾನು ಆಟೊ ಹತ್ತುವವಳಲ್ಲ, ಕಿರಂಗೂರಿಗೆ ಬಸ್ಸೇ ಸಾಕು. ಅವತ್ತು ಬಸ್ಸು ಕಾಯುವಷ್ಟು ತಾಳ್ಮೆ ಇರಲಿಲ್ಲ. ಕುಮಾರ್ ಅನ್ನುವವನ ಆಟೊ ಎದುರಿಗೇ ಸಿಕ್ಕಿತು, ಹತ್ತಿಬಿಟ್ಟೆ.

ದಾರಿಯುದ್ದಕ್ಕೂ ಬೈಗುಳವನ್ನು ಜೋಡಿಸಿಕೊಳ್ಳುತ್ತಾ ಹೋದೆ. ಎಲ್ಲಿಂದ ಶುರು ಮಾಡುವುದು, ಎಲ್ಲಿ ದನಿ ಎತ್ತುವುದು, ಕಲ್ಲನ್ನು ಯಾವಾಗ ಹೊರತೆಗೆಯುವುದು, ಎಲ್ಲ ತಯಾರಾಗಿತ್ತು. ಮನೆಯ ಮುಂದೆ ಇಳಿದು, ಇಲ್ಲೇ ನಿಂತಿರು ಕುಮಾರ, ಒಂದು ಜಗಳ ಆಡಿಬಿಟ್ಟು ಬರ್ತೀನಿ ಅಂದೆ. ಅವನು ಆಯ್ತಕ್ಕ, ನಿಧಾನಕ್ಕೆ ಆಡಿ ಅಂದ.

ಮನೆಯೊಳಗೆ ಉಳಿಯ ಸದ್ದಿರಲಿಲ್ಲ. ಹೊರಗಿನಿಂದಲೇ ಮೂಗಮ್ಮನ ಹೆಸರು ಕೂಗಿದೆ. ಉತ್ತರವಿಲ್ಲ. ಬತ್ತದ ಕೊಯ್ಲಿನ ಕಾಲ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ವಾಪಸು ಹೋಗುತ್ತಿದ್ದರು. ನನಗೆ ತಂದ ಬೈಗುಳವನ್ನು ಹಾಗೇ ವಾಪಸು ಒಯ್ಯಲು ಮನಸ್ಸು ಬರಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ.

ರಮ್ಯಶ್ರೀ ಮರದ ಹಲಗೆಗಳಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಬೆಳಿಗ್ಗೆಯಿಂದ ತಲೆನೋವು, ಮಾತ್ರೆ ನುಂಗಿದರೂ ಹೋಗಲಿಲ್ಲವಂತೆ. ಮೌನೇಶ್ ಪಾಂಡವಪುರದಲ್ಲಿ ಹೊಸ ಮನೆಗೆ ಬಾಗಿಲು ಕೂರಿಸಲು ಹೋಗಿದ್ದಾನೆ, ಮಿಷನ್ನಿನ ಸದ್ದಿಗೆ ಫೋನು ಕೇಳಿಸುತ್ತಿಲ್ಲ. ಅತ್ತೆ ಹೂವು, ಎಣ್ಣೆ ಹಿಡಿದುಕೊಂಡು ಪಟ್ಟಣಕ್ಕೆ ಹೋಗಿದ್ದಾರೆ. ಅಂದರೆ ನಾನು ಇವರ ಮನೆಗೆ ಬರುವ ಹೊತ್ತಿಗೆ ಅವಳು ಕಲ್ಲಿಗೆ ಹೊಸ ಹೂವು ಮುಡಿಸಲು ನಮ್ಮ ಚರ್ಚಿಗೆ ಹೊರಟಿದ್ದಳು. ಎಲ್ಲೋ ದಾರಿಯಲ್ಲಿ ನನ್ನ ಆಟೊ, ಅವಳ ಬಸ್ಸು ಎದುರುಬದುರಾಗಿವೆ.

ರಮ್ಯಶ್ರೀ ತಲೆಯೆತ್ತಿ ನನ್ನ ಕಡೆ ನೋಡಿದಳು.

"ಅಕ್ಕಾ, ಒಬ್ರೇ ಬಂದಿದ್ದೀರಾ? ನಂಗೆ ಇಬ್ಬಿಬ್ರು ಕಾಣ್ತಾವ್ರೆ."

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳು ತೊಟ್ಟಿದ್ದ ಗೌನು ಹಿಂದಿನ ತಿಂಗಳು ನಾನೇ ಹೊಲಿದುಕೊಟ್ಟದ್ದು, ತೋಳನ್ನು ಬೇಕೆಂದೇ ಧಾರಾಳವಾಗಿ ಬಿಟ್ಟಿದ್ದೆ. ಈಗ ಆ ತೋಳು ಮಾಂಸಕ್ಕೆ ಕಚ್ಚಿಕೊಂಡಿತ್ತು. ಬಳೆಗಳು ಮಣಿಕಟ್ಟಿನಲ್ಲಿ ಹೂತುಹೋಗಿದ್ದವು. ಮುಖ, ಪಾದ ಎಲ್ಲ ಊದಿತ್ತು. ಬಸುರಿಗೆ ಬಿ.ಪಿ. ಏರಿದರೆ ಹೀಗಾಗುತ್ತದೆಂದು ಆಶಾ ಕಾರ್ಯಕರ್ತೆಯರು ಹೇಳುವುದನ್ನು ಅಂಗಡಿಯಲ್ಲಿ ಕೂತು ಸಾವಿರ ಸಲ ಕೇಳಿದ್ದೆ. ಕುಮಾರನನ್ನು ಕೂಗಿದೆ. ಅವನು ಒಳಗೆ ಬಂದು ನೋಡಿದವನೇ ಕೈಕೊಟ್ಟ, ಇಬ್ಬರೂ ಸೇರಿ ಅವಳನ್ನು ಎತ್ತಿ ಆಟೊದಲ್ಲಿ ಕೂರಿಸಿದೆವು. ಬ್ಯಾಗು ನನ್ನ ಹೆಗಲಲ್ಲೇ ಇತ್ತು.

ಊರ ಹೊರಗೆ ಬಂದರೆ ರಸ್ತೆಯ ತುಂಬ ರಾಗಿ ತೆನೆ. ಗಾಡಿಗಳು ಹರಿದು ಒಕ್ಕಣೆಯಾಗಲಿ ಅಂತ ಹರಡಿದ್ದರು. ಅದರ ಮೇಲೆ ಆಟೊ ಜಾರುತ್ತದೆ, ನಿಧಾನಕ್ಕೆ ಹೋದರೆ ಹೊತ್ತು ಮೀರುತ್ತದೆ. ನಾನು ತಲೆ ಹೊರಗೆ ಹಾಕಿ, ಬಸುರಿ ಇದ್ದಾಳೆ, ದಾರಿ ಬಿಡಿ ಅಂತ ಕಿರುಚಿದೆ. ಗೋರೆ, ಕವೆಗೋಲು ಹಿಡಿದಿದ್ದ ಹೆಂಗಸರು ಒಂದು ಸಲ ನೋಡಿದರು, ಅಷ್ಟೇ. ಎಲ್ಲ ಸೇರಿ ತಮ್ಮ ರಾಗಿಯನ್ನು ತಾವೇ ಎಳೆದು ಎಳೆದು ಪಕ್ಕಕ್ಕೆ ಹಾಕತೊಡಗಿದರು. ಮಣ್ಣಿಗೆ ಬಿದ್ದರೆ ಕಾಳು ಹಾಳು, ಅದನ್ನೂ ಅವರು ನೋಡಲಿಲ್ಲ. ನಮ್ಮ ಮುಂದೆ ಮುಂದೆ ಕಪ್ಪು ಟಾರು ಬಿಚ್ಚಿಕೊಳ್ಳುತ್ತಾ ಹೋಯಿತು. ಫಾದರ್ ಹೇಳಿದ ದಾರಿಯ ಮಾತು ಥಟ್ಟನೆ ನೆನಪಾಗಿ ನನಗೆ ಅಳು ಬಂತು. ಹೆದ್ದಾರಿ ದಾಟಿದೆವು, ಕಾವೇರಿ ಸೇತುವೆ ದಾಟಿದೆವು, ಕುಮಾರ್ ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಲೇಡಿ ಡಾಕ್ಟರ ಮುಖ ಬಿಗಿಯಾಯಿತು. ಇಂಜೆಕ್ಷನ್ ಕೊಟ್ಟು, ಅಂಬುಲೆನ್ಸ್ ಹತ್ತಿಸಿ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಜೊತೆಗೆ ನಾನೇ ಹೋದೆ, ಬೇರೆ ಯಾರಿದ್ದರು? ರಮ್ಯಶ್ರೀ ನನ್ನ ಬೆರಳುಗಳನ್ನು ಹಿಡಿದುಕೊಂಡು, ಈ ಕೂಸೂ ಹೋಗ್ಬುಡುತ್ತಾ ಅಕ್ಕಾ ಅಂತ ಒಂದೇ ಸಮ ಕೇಳುತ್ತಿದ್ದಳು. ನನಗೆ ಬರುವ ಪ್ರಾರ್ಥನೆಗಳೆಲ್ಲ ಮರೆತುಹೋಗಿದ್ದವು. ಸ್ವಾಮಿ, ನಾನು ಜಗಳಕ್ಕೆ ಹೊರಟವಳು, ನೀನು ತಂದು ಇಲ್ಲಿ ಕೂರಿಸಿದ್ದೀಯ, ಇನ್ನು ಅರ್ಧಕ್ಕೆ ಕೈಬಿಡಬೇಡ ಅಂತಷ್ಟೇ ಮನಸ್ಸಿನಲ್ಲಿ ಹೇಳಿಕೊಂಡೆ. ಜಗಳದ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ.

ಆಪರೇಷನ್ ಆಯಿತು. ದಿನ ತುಂಬದ ಹೆಣ್ಣು ಕೂಸು. ನಮ್ಮ ಅಂಗೈ ಎರಡು ಸೇರಿಸಿದರೆ ಹಿಡಿಯುವಷ್ಟೇ ಇತ್ತು, ಆದರೆ ಅತ್ತಿತು, ನಾನು ಕಿವಿಯಾರೆ ಕೇಳಿದೆ. ತಾಯಿಗೆ ಅಪಾಯವಿಲ್ಲ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಅದರ ವಿಷಯ ಈಗಲೇ ಹೇಳಲು ಬರುವುದಿಲ್ಲ ಅಂದರು ಡಾಕ್ಟರು. ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ಇಬ್ಬರೂ ಉಳಿಯುತ್ತಿರಲಿಲ್ಲವಂತೆ. ಸರಿಯಾದ ಹೊತ್ತಿಗೆ ನೀವು ಹೇಗೆ ಅಲ್ಲಿದ್ದಿರಿ ಅಂತ ಕೇಳಿದರು. ಜಗಳ ಆಡೋಕೆ ಹೋಗಿದ್ದೆ ಡಾಕ್ಟರೇ ಅಂದೆ. ಅವರಿಗೆ ಏನು ಅರ್ಥವಾಯಿತೋ, ನನ್ನ ಭುಜ ತಟ್ಟಿ ಹೋದರು.

ಕುಮಾರ್ ಸುದ್ದಿ ಮುಟ್ಟಿಸಿದ ಮೇಲೆ, ಸಂಜೆಯ ಹೊತ್ತಿಗೆ ಮೌನೇಶ್, ಮೂಗಮ್ಮ ಓಡಿಬಂದರು. ಮೌನೇಶ್ ನೇರ ಹೆಂಡತಿಯನ್ನು ಕಾಣಲು ಹೋದ. ಮೂಗಮ್ಮ ಒಳಗೆ ಹೋಗಲಿಲ್ಲ. ಕಾರಿಡಾರಿನ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತಳು. ಮೊಮ್ಮಗಳು ಹುಟ್ಟಿದ್ದಾಳೆ, ಸೊಸೆ ಚೆನ್ನಾಗಿದ್ದಾಳೆ ಅಂತ ನಾನು ಹೇಳುತ್ತಿದ್ದರೆ ಅದು ಅವಳ ಕಿವಿಗೇ ಹೋಗುತ್ತಿರಲಿಲ್ಲ.

"ಉಳಿಯಾಕಿಲ್ಲ ಕಣವ್ವ ಅದು. ನಾನು ನಿನ್ ಮಾತ ಮೀರಿ ತೊಟ್ಲಿಗೆ ಕಲ್ಲು ಮಡಗಿದ್ದೆ. ಇವತ್ತು ಹೂವ ಮುಡಿಸಾನ ಅಂತ ಹೋದ್ರೆ, ಕಲ್ಲೇ ಇಲ್ಲ. ತೊಟ್ಲು ಅಂಗೇ ಬರಿದಾಗಿ ನಿಂತದೆ. ಯಾರೋ ಎತ್ಕೊಂಡೋಗ್ಬುಟ್ಟವ್ರೆ."

ಹಣೆ ಹಣೆ ಬಡಿದುಕೊಂಡಳು. ಅಷ್ಟು ಬಾಯಿಯ ಹೆಂಗಸು, ಮರಕ್ಕೂ ಬೈಯುವವಳು, ಹಾಗೆ ಮುದುಡಿ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಗಲೇ ನನಗೆ ಹೆಗಲು ನೋಯುತ್ತಿರುವುದು ಅರಿವಿಗೆ ಬಂದದ್ದು. ಬೆಳಿಗ್ಗೆಯಿಂದ ಬ್ಯಾಗು ಇಳಿಸಿಯೇ ಇರಲಿಲ್ಲ. ಆಟೊ, ಅಂಬುಲೆನ್ಸು, ಆಪರೇಷನ್ ಕೋಣೆಯ ಬಾಗಿಲು, ಎಲ್ಲ ಕಡೆ ಅದನ್ನು ಹೊತ್ತುಕೊಂಡೇ ಓಡಾಡಿದ್ದೆ. ಅವಳ ಪಕ್ಕ ನೆಲದ ಮೇಲೆ ಕೂತು, ಬ್ಯಾಗಿನ ಜಿಪ್ಪು ಎಳೆದು, ಹಸಿರು ಬಟ್ಟೆಯ ಸಮೇತ ಕಲ್ಲನ್ನು ತೆಗೆದು ಅವಳ ಮಡಿಲಲ್ಲಿಟ್ಟೆ.

"ಎತ್ಕೊಂಡು ಹೋದವಳು ನಾನೇ ಅವ್ವ. ನಿಮ್ಮ ಸೊಸೆ ಜೊತೆ ಜೊತೆಗೇ ಇಲ್ಲೀತನಕ ಬಂದಿದೆ."

ಅವಳು ಬಹಳ ಹೊತ್ತು ಕಲ್ಲಿನ ಮೇಲೆ ಕೈಯಾಡಿಸಿದಳು. ಎಣ್ಣೆ ಇನ್ನೂ ಅಂಟಂಟಾಗಿತ್ತು.

"ಯಾಕವ್ವ ತಕ್ಕೊಂಡೋದೆ?"

"ನಿಮ್ಮ ಹತ್ರ ಜಗಳ ಆಡೋಕೆ."

ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು, ಆಮೇಲೆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಹೇಳಲಾರೆ. ನನ್ನದೂ ಹಾಗೇ ಆಯಿತು. ನರ್ಸು ಬಂದು ಗದರಿದಳು.

"ನೀನು ಜಗಳಕ್ಕೆ ಬರ್ಲಿ ಅಂತ್ಲೇ ನನ್ ಕೈಲಿ ಮಡಗಿಸವ್ನೆ ಕಣವ್ವ," ಅಂದಳು ಕಣ್ಣೊರೆಸಿಕೊಳ್ಳುತ್ತ. "ನಿನ್ ದೇವ್ರೋ ನನ್ ದೇವ್ರೋ, ಯಾರೋ ಒಬ್ಬ."

ಆ ರಾತ್ರಿ ಮನೆಗೆ ಹೋದರೂ ನನಗೆ ಒಂದು ಕಡೆ ಕೂರಲಾಗಲಿಲ್ಲ. ಅವಳು ಕಲ್ಲು ಇಡದಿದ್ದರೆ ನಾನು ಕಿರಂಗೂರಿಗೆ ಹೋಗುತ್ತಲೇ ಇರಲಿಲ್ಲ. ನಾನು ತಣ್ಣನೆಯ ಹೆಂಗಸಾಗಿದ್ದರೆ ಅಮಾವಾಸ್ಯೆಗೆ ಅವಳು ಬಂದಾಗ ಕೇಳಿದರಾಯಿತು ಅಂತ ಬಿಡುತ್ತಿದ್ದೆ. ಬಸ್ಸಿಗೆ ಕಾದಿದ್ದರೆ ಬಾಗಿಲಲ್ಲಿ ಆಟೊ ನಿಂತಿರುತ್ತಿರಲಿಲ್ಲ. ಕರುಣೆ ಬರುವುದಾದರೆ ನನ್ನ ಪ್ರಾರ್ಥನೆಯ ಬಾಗಿಲಿಂದ ಬರುತ್ತದೆ ಅಂತ ಆ ಕಡೆಯೇ ನೋಡುತ್ತಿದ್ದೆನಲ್ಲ, ಅದು ನನ್ನ ಸಿಟ್ಟಿನ ಬಾಗಿಲಿಂದ ನುಗ್ಗಿ ಬಂದಿತ್ತು. ಖುಷಿಯಿಂದ ಒಬ್ಬಳೇ ಅಡುಗೆಮನೆಯಲ್ಲಿ ಓಡಾಡಿದೆ.

ಮೂಗಮ್ಮ ಕಲ್ಲನ್ನು ಮತ್ತೆ ನನ್ನ ಕೈಗೇ ಕೊಟ್ಟಿದ್ದಳು. ಮಾರನೇ ಬೆಳಿಗ್ಗೆ ನಾನೇ ತೊಳೆದು, ಎಣ್ಣೆ ಹಚ್ಚಿ, ಅದೇ ಹಸಿರು ಬಟ್ಟೆ ಸುತ್ತಿ ಚರ್ಚಿನ ತೊಟ್ಟಿಲಲ್ಲಿ ಮಲಗಿಸಿದೆ. ಫಾದರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಎಣ್ಣೆ ಸ್ವಲ್ಪ ಕಡಿಮೆ ಹಚ್ಚಿ ಲೂರ್ದಮ್ಮ, ಹುಲ್ಲಿಗೆ ಇರುವೆ ಬರ್ತವೆ ಅಂದರು. ನಮ್ಮ ಚರ್ಚಿನ ಹಿರಿಯರು ಇನ್ನಾಸಪ್ಪನವರು ಮಾತ್ರ, ಇದೇನಮ್ಮ ಖಾರ ಅರೆಯೋ ಕಲ್ಲು ಇಲ್ಲಿ ಅಂತ ಹುಬ್ಬು ಗಂಟಿಕ್ಕಿದರು. ನಿಮ್ಮ ನಾಮಕರಣಕ್ಕೂ ನಿಮ್ಮಜ್ಜಿ ಇಟ್ಟಿರ್ತಾರೆ, ವಿಚಾರಿಸಿ ನೋಡಿ ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಕಾಯುವುದು. ಪ್ರತಿ ವರ್ಷ ಕಾಯುತ್ತೇವೆ ಕಾಯುತ್ತೇವೆ ಅಂತ ಹಾಡು ಹೇಳುತ್ತಿದ್ದೆನೇ ಹೊರತು, ಕಾಯುವುದು ಅಂದರೆ ಏನೆಂದು ಆಗ ಗೊತ್ತಾಯಿತು. ದಿನಾ ಮೂಗಮ್ಮನ ಫೋನು. ಇವತ್ತು ಉಸಿರಾಟ ಪರವಾಗಿಲ್ಲ. ಇವತ್ತು ಸ್ವಲ್ಪ ಕಾಮಾಲೆ. ನಳಿಕೆಯಲ್ಲಿ ಹಾಲು ಬಿಡುತ್ತಿದ್ದಾರೆ. ತೂಕ ಏರಿಲ್ಲ. ಪೂಜೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಕಿರಂಗೂರಿನ ಕೂಸಿನ ವಿಷಯ. ಕುಮಾರ್ ಆಟೊ ನಿಲ್ಲಿಸಿ ಕಿಟಕಿಯಿಂದಲೇ ಕೇಳಿ ಹೋಗುತ್ತಿದ್ದ. ತೊಟ್ಟಿಲ ಮುಂದೆ ಕೈಮುಗಿದವರು ಒಂದು ಬೆರಳಲ್ಲಿ ಆ ಕಲ್ಲನ್ನೂ ಮುಟ್ಟಿಹೋಗುತ್ತಿದ್ದರು. ಇನ್ನಾಸಪ್ಪನವರು ಮುಟ್ಟಿದ್ದನ್ನೂ ನಾನು ಕಂಬದ ಮರೆಯಿಂದ ನೋಡಿದೆ.

ಕ್ರಿಸ್ಮಸ್ಸಿನ ಹಿಂದಿನ ದಿನ ಮೂಗಮ್ಮನ ಫೋನು ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಮಧ್ಯಾಹ್ನವಾಯಿತು, ನಕ್ಷತ್ರ ಕಟ್ಟಿದೆ, ಸೀರಿಯಲ್ ಲೈಟು ಹಾಕಿಸಿದೆ, ಕೈಯಲ್ಲಿದ್ದ ಗುಂಡುಸೂಜಿ ಡಬ್ಬ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಹೊತ್ತು ಇಳಿಯಿತು. ಹಬ್ಬದ ಪೂಜೆ ಶುರುವಾಯಿತು. ಫಾದರ್ ಬಾಲಯೇಸುವಿನ ಮೂರ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಗೋದಲಿಯ ಮುಂದೆ ಬಂದು ನಿಂತರು. ತೊಟ್ಟಿಲಲ್ಲಿ ಕಲ್ಲು ಮಲಗಿದೆ. ಅದನ್ನು ಎತ್ತಬೇಕಾದವಳು ನಾನು. ಕೈ ಮುಂದೆ ಹೋಗಲಿಲ್ಲ. ಆ ಕೂಸಿನ ಸುದ್ದಿ ತಿಳಿಯದೆ ಆ ಜಾಗವನ್ನು ಹೇಗೆ ಬರಿದು ಮಾಡುವುದು?

ಹಿಂದೆ ಬಾಗಿಲ ಕಡೆ ಗುಜುಗುಜು ಆಯಿತು. ಮೂಗಮ್ಮ ಬರುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನೇರವಾಗಿ ಗೋದಲಿಗೇ ಬಂದಳು. ಹಿಂದೆ ಮೌನೇಶ್, ಅವನ ತಲೆಗೂದಲಲ್ಲಿ ಮರದ ಹೊಟ್ಟು. ಅವಳು ಫಾದರ್ ಕಡೆಯೂ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

"ಇವತ್ತು ಕೂಸ್ನ ಪೆಟ್ಗೆಯಿಂದ ತಗ್ದು ಅವ್ಳ ಮಡ್ಲಿಗೆ ಕೊಟ್ರು. ಬಾಯಾಕಿ ಹಾಲು ಕುಡೀತು ಕಣವ್ವ."

ಚರ್ಚಿನಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಯಾರೋ ಚಪ್ಪಾಳೆ ಹೊಡೆದರು, ಪೂಜೆಯ ಮಧ್ಯೆ ಚಪ್ಪಾಳೆ ನಮ್ಮಲ್ಲಿ ಇಲ್ಲ, ಆದರೂ ಎಲ್ಲರೂ ಹೊಡೆದರು. ನಾನೂ ಹೊಡೆದೆ.

ಫಾದರ್ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಮೂಗಮ್ಮ ಬಗ್ಗಿ ಕಲ್ಲನ್ನು ಎತ್ತಿಕೊಂಡಳು. ಫಾದರ್ ಮೂರ್ತಿಯನ್ನು ಆ ಹುಲ್ಲಿನ ತಗ್ಗಿನಲ್ಲೇ ಮಲಗಿಸಿದರು. ನಾಮಕರಣದ ಮನೆಯಲ್ಲಿ ಮಾಡುವಂತೆಯೇ ಅವಳು ತೊಟ್ಟಿಲನ್ನು ಒಂದು ಸಲ ಮೆಲ್ಲಗೆ ತೂಗಿದಳು. ನಾವೆಲ್ಲ ವರ್ಷವರ್ಷವೂ ಆ ಮಗುವಿನ ಹತ್ತಿರ ಅದು ಕೊಡು ಇದು ಕೊಡು ಅಂತ ಬೇಡುವವರು. ಅವಳು ಅದರ ಕೆನ್ನೆ ಸವರಿ ಹರಸಿದಳು.

"ಈ ಕಲ್ನಂಗೆ ಗಟ್ಟಿಯಾಗಿರು ಕಂದ."

ಫಾದರ್ ಮುಂದಿನ ಪ್ರಾರ್ಥನೆಗೆ ಪುಸ್ತಕದ ಹಾಳೆ ತಿರುವಿದರು. ಅಷ್ಟರಲ್ಲಿ ಅವಳು ಕಲ್ಲನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟೇಬಿಟ್ಟಿದ್ದಳು. ನಾನು ಬಾಗಿಲವರೆಗೆ ಓಡಿಹೋಗಿ ತಡೆದೆ. ಇರಿ, ಪೂಜೆ ಮುಗಿಯಲಿ, ಕೇಕು ತಿಂದು ಹೋಗಿ ಅಂದೆ. ಚಾರ್ಜು ಮುಗಿದು ಫೋನು ಮಾಡಲಾಗಲಿಲ್ಲ, ಕೇಕು ನಾಳೆ ಬಂದು ತಿನ್ನುತ್ತೇನೆ, ಇವತ್ತು ಆಗುವುದಿಲ್ಲ ಅಂದಳು. ಆಸ್ಪತ್ರೆಯಿಂದ ಸುದ್ದಿ ಬಂದದ್ದೇ ತಡ, ಮೌನೇಶ್ ಮಧ್ಯಾಹ್ನದಿಂದ ಕೂತು, ಮಾಡಲು ಹೆದರಿ ಇಷ್ಟು ದಿನ ಮುಟ್ಟದೆ ಇಟ್ಟಿದ್ದ ಹಲಗೆಗಳನ್ನು ಜೋಡಿಸಿ ತೊಟ್ಟಿಲು ಮುಗಿಸಿದ್ದನಂತೆ. ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳು ಮಗನನ್ನು ಗದರಿದಳು.

"ಬಿರ್ನೆ ನಡೀಲಾ ಮೌನೇಸ, ಮನೇಲಿ ತೊಟ್ಲು ಖಾಲಿ ಅದೆ."